ಕಡಲ ತಳಕ್ಕೆ ಗೆರೆ ಎಳೆದ ಮೇರಿ ಥಾರ್ಪ್

ಕೇಳುಗರಿಗೆ ನಮಸ್ಕಾರ.

ಭೂವಿಜ್ಞಾನಿ ಎಂದೊಡನೆ ಹೆಗಲಿಗೆ ಚೀಲ ಹಾಕಿ, ಸುತ್ತಿಗೆ ಹಿಡಿದು ಬೆಟ್ಟಗುಡ್ಡ ಅಲೆಯುವವರು ನೆನಪಾಗುತ್ತಾರೆ. ಇವತ್ತು ನಾನು ಹೇಳಹೊರಟಿರುವ ಅಮೆರಿಕದ ಮೇರಿ ಥಾರ್ಪ್ ಮಾತ್ರ ವೃತ್ತಿಯ ಬಹುಪಾಲನ್ನು ಮೇಜಿನ ಮುಂದೆ ಕೂತೇ ಕಳೆದರು. ಅವರು ನಕ್ಷೆ ಬರೆದ ಬೆಟ್ಟಗಳನ್ನು ಅವರಾಗಲಿ ಬೇರೆಯವರಾಗಲಿ ಕಣ್ಣಾರೆ ಕಂಡಿರಲಿಲ್ಲ. ಅವೆಲ್ಲ ಅಟ್ಲಾಂಟಿಕ್ ಸಾಗರದ ನೀರಿನಡಿ, ಕಿಲೋಮೀಟರುಗಟ್ಟಲೆ ಆಳದಲ್ಲಿದ್ದವು.

ಮೇರಿ ಹುಟ್ಟಿದ್ದು 1920ರಲ್ಲಿ, ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ. ತಂದೆ ಸರ್ಕಾರಿ ಕೃಷಿ ಇಲಾಖೆಯಲ್ಲಿ ಮಣ್ಣಿನ ಸರ್ವೆ ಮಾಡುತ್ತಿದ್ದವರು. ವರ್ಗಾವಣೆ ಆದಲ್ಲೆಲ್ಲ ಸಂಸಾರವೂ ಹೊರಡುತ್ತಿತ್ತು, ಹುಡುಗಿಗೆ ಶಾಲೆಯ ಮೇಲೆ ಶಾಲೆ ಬದಲಾಗುತ್ತಿತ್ತು. ನಕ್ಷೆ ಬರೆಯುವ ಅಪ್ಪನ ಬೆನ್ನ ಹಿಂದೆಯೇ ಬೆಳೆದರೂ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷು ಮತ್ತು ಸಂಗೀತ. ಭೂವಿಜ್ಞಾನದ ಬಾಗಿಲು ತೆರೆದದ್ದು ಎರಡನೇ ಮಹಾಯುದ್ಧ. ಗಂಡಸರೆಲ್ಲ ಯುದ್ಧಕ್ಕೆ ಹೋಗಿ ತರಗತಿಗಳು ಖಾಲಿಯಾದಾಗ ಮಿಷಿಗನ್ ವಿಶ್ವವಿದ್ಯಾಲಯ ಆ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ಕರೆಯಿತು. ಸ್ನಾತಕೋತ್ತರ ಪದವಿ ಮುಗಿಸಿ ಟಲ್ಸಾದ ತೈಲ ಕಂಪನಿಯೊಂದಕ್ಕೆ ಸೇರಿದರೆ, ಅಲ್ಲಿ ಗಂಡಸರು ಫೀಲ್ಡಿಗೆ, ಹೆಂಗಸರು ಕಚೇರಿಯ ಕಾಗದ ಪತ್ರಗಳಿಗೆ. ಬೇಸರ ಕಳೆಯಲು ಎಲ್ಲರೂ ಏನೇನೋ ಮಾಡುತ್ತಾರೆ. ಮೇರಿ ಗಣಿತದಲ್ಲಿ ಇನ್ನೊಂದು ಪದವಿ ಪಡೆದರು.

1948ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕೆಲಸ ಕೇಳಿಕೊಂಡು ಹೋದಾಗ, ಇಷ್ಟೆಲ್ಲ ಓದಿದವಳಿಗೆ ಯಾವ ಕೆಲಸ ಕೊಡುವುದೆಂದು ಪ್ರೊಫೆಸರ್ ಮಾರಿಸ್ ಯೂಯಿಂಗ್ ಅವರಿಗೆ ತೋಚಲಿಲ್ಲವಂತೆ. ಕೊನೆಗೆ ಕೇಳಿದ್ದು: ಡ್ರಾಫ್ಟಿಂಗ್, ಅಂದರೆ ಅಳತೆಗೆ ತಕ್ಕಂತೆ ನಕ್ಷೆ ಬಿಡಿಸುವುದು, ಬರುತ್ತದೆಯೇ? ಬರುತ್ತದೆ ಎಂದು ಸೇರಿಕೊಂಡರು. ಕೆಲವೇ ವರ್ಷಗಳಲ್ಲಿ ಬ್ರೂಸ್ ಹೀಜನ್ ಎಂಬ ಯುವ ವಿಜ್ಞಾನಿಯ ಜೊತೆ ಕೆಲಸ ಶುರುವಾಯಿತು. ಹೀಜನ್ ಹಡಗಿನಲ್ಲಿ ಹೋಗಿ ಅಳತೆ ತರುವುದು, ಮೇರಿ ಬಿಡಿಸುವುದು. ಹೆಂಗಸರಿಗೆ ಆಗ ಸಂಶೋಧನಾ ಹಡಗು ಹತ್ತಲು ಬಿಡುತ್ತಿರಲಿಲ್ಲ.

ಈ ಅಳತೆ ಎಂದರೇನು? ಹಡಗಿನಿಂದ ಕೆಳಕ್ಕೆ ಶಬ್ದ ಬಿಡುತ್ತಾರೆ. ಅದು ತಳಕ್ಕೆ ಬಡಿದು ವಾಪಸು ಬರುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹೋಗಿ ಬರಲು ಐದು ಸೆಕೆಂಡು ಹಿಡಿದರೆ ಅಲ್ಲಿನ ಆಳ ಹೆಚ್ಚುಕಡಿಮೆ ಮೂರೂಮುಕ್ಕಾಲು ಕಿಲೋಮೀಟರ್. ಹೀಗೆ ಹಡಗು ಸಾಗಿದ ದಾರಿಯುದ್ದಕ್ಕೂ ಸಾವಿರಾರು ಅಂಕಿಗಳು. ಮೇರಿ ಅವನ್ನೆಲ್ಲ ಜೋಡಿಸಿ, ಉತ್ತರ ಅಟ್ಲಾಂಟಿಕ್ಕನ್ನು ಅಡ್ಡಡ್ಡ ಕೊಯ್ದಂತೆ ಆರು ಸೀಳುನೋಟಗಳನ್ನು ಬರೆದು ಒಂದರ ಕೆಳಗೊಂದು ಇಟ್ಟರು. ಸಾಗರದ ನಡುವೆ ಪರ್ವತಶ್ರೇಣಿ ಇದೆ ಎಂಬುದು ಮೊದಲೇ ಗೊತ್ತಿತ್ತು. ಶ್ರೇಣಿಯ ನೆತ್ತಿಯ ಮೇಲೆ ಆಳವಾದ ಕಣಿವೆಯೊಂದು ಇರುವುದು ಗೊತ್ತಿರಲಿಲ್ಲ. ಒಂದೊಂದು ಬೆಟ್ಟದ ಆಕಾರ ಒಂದೊಂದು ಥರ. ಈ ಕಣಿವೆ ಮಾತ್ರ ಒಂದು ಚಿತ್ರದಿಂದ ಇನ್ನೊಂದಕ್ಕೆ ಸಾಲಾಗಿ ಕೂಡಿಕೊಳ್ಳುತ್ತಿತ್ತು. ಅಲ್ಲಿ ಭೂಮಿ ಬಿರಿದು ಎರಡು ಕಡೆಗೆ ಸರಿಯುತ್ತಿರಬೇಕು ಎಂದರು ಮೇರಿ.

ಹೀಜನ್ ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದರು. ಖಂಡಗಳು ಚಲಿಸುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗನರ್ 1912ರಲ್ಲೇ ಹೇಳಿದ್ದರೂ, ಅಮೆರಿಕದ ಭೂವಿಜ್ಞಾನಿಗಳ ನಡುವೆ ಆ ಮಾತೆತ್ತಿದರೆ ನಗೆಪಾಟಲಾಗುವ ಕಾಲ ಅದು.

ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಎಂಬ ಕಿವಿ ಕೇಳದ ಚಿತ್ರಕಲಾ ಪದವೀಧರ ಸಾಗರದಡಿಯ ಭೂಕಂಪಗಳನ್ನು ಚುಕ್ಕಿ ಇಟ್ಟು ಗುರುತಿಸುತ್ತಿದ್ದರು. ಸಮುದ್ರದ ಟೆಲಿಫೋನ್ ಕೇಬಲ್‌ಗಳು ಎಲ್ಲಿ ತುಂಡಾಗಬಹುದು ಎಂದು ತಿಳಿಯುವುದು ಅದರ ಉದ್ದೇಶ. ಎರಡು ನಕ್ಷೆಗಳ ಅಳತೆಯೂ ಒಂದೇ. ಕೆಳಗಿನಿಂದ ಬೆಳಕು ಬಿಡುವ ಮೇಜಿನ ಮೇಲೆ ಒಂದರ ಮೇಲೊಂದು ಹರಡಿದರೆ, ಭೂಕಂಪದ ಚುಕ್ಕಿಗಳು ಮೇರಿಯ ಕಣಿವೆಯೊಳಗೇ ಬಿದ್ದಿದ್ದವು! ಅಳತೆ ಇಲ್ಲದ ಕಡೆಯೂ ಚುಕ್ಕಿಗಳ ಜಾಡು ಹಿಡಿದು ಹೋದರೆ ಕಣಿವೆ ಸಿಗುತ್ತದೆ ಎಂದಾಯಿತು. ಆಮೇಲೆ ಹೀಜನ್ ಒಪ್ಪಿದರು. ಆದರೆ ಖಂಡಚಲನೆಯನ್ನಲ್ಲ, ಭೂಮಿಯೇ ಹಿಗ್ಗುತ್ತಿದೆ ಎಂಬ ವಾದ ಹಿಡಿದರು. ಅದು ನಿಲ್ಲಲಿಲ್ಲ ಬಿಡಿ.

ಜಗತ್ತಿನ ಸಾಗರಗಳನ್ನೆಲ್ಲ ಸುತ್ತುವ ಸುಮಾರು 65,000 ಕಿಲೋಮೀಟರ್ ಉದ್ದದ ಈ ಶ್ರೇಣಿ, ಕಣಿವೆಗಳ ಸಂಗತಿಯನ್ನು 1956ರಲ್ಲಿ ಲೋಕಕ್ಕೆ ಸಾರಿದವರು ಯೂಯಿಂಗ್ ಮತ್ತು ಹೀಜನ್. ಮೇರಿಯ ಹೆಸರು ಅಲ್ಲಿರಲಿಲ್ಲ. ನಂಬದವರಲ್ಲಿ ಫ್ರಾನ್ಸಿನ ಸಾಗರಾನ್ವೇಷಕ ಜಾಕ್ ಕೂಸ್ಟೋ ಒಬ್ಬರು. ಸುಳ್ಳೆಂದು ತೋರಿಸಲು ಕ್ಯಾಮೆರಾವನ್ನು ತಳಕ್ಕೆ ಇಳಿಸಿ ಎಳೆದುಕೊಂಡು ಹೋದರು, ಕಣಿವೆ ಕಂಡಿತು. 1959ರ ನ್ಯೂಯಾರ್ಕ್ ಸಾಗರವಿಜ್ಞಾನ ಸಮ್ಮೇಳನದಲ್ಲಿ ಆ ಚಿತ್ರವನ್ನು ತಾವೇ ತೋರಿಸಿದರು.

ನಕ್ಷೆಯ ಶೈಲಿಗೂ ಒಂದು ಕಥೆಯಿದೆ. ಆಳದ ಅಂಕಿಗಳನ್ನು ಅಮೆರಿಕದ ನೌಕಾಪಡೆ ಗುಟ್ಟಾಗಿಟ್ಟಿತ್ತು. ಹಾಗಾಗಿ ಅಂಕಿ ಬರೆಯದೆ, ಓರೆಯಾಗಿ ವಿಮಾನದಿಂದ ನೋಡಿದಂತೆ ಬೆಟ್ಟ ಬಯಲುಗಳನ್ನು ಶಾಯಿಯಲ್ಲಿ ಬಿಡಿಸಬೇಕಾಯಿತು. ನಿರ್ಬಂಧವೇ ವರವಾಯಿತು, ಸಾಮಾನ್ಯ ಜನಕ್ಕೂ ಸಾಗರತಳ ಅರ್ಥವಾಯಿತು. ಮಾಹಿತಿಯೇ ಇಲ್ಲದ ಜಾಗದಲ್ಲಿ ಮತ್ಸ್ಯಕನ್ಯೆಯರನ್ನೂ ಮುಳುಗಿದ ಹಡಗುಗಳನ್ನೂ ಬರೆಯೋಣವೆಂದು ಮೇರಿಗೆ ಆಸೆಯಿತ್ತು. ಹೀಜನ್ ಬಿಡಲಿಲ್ಲ.

1967ರಲ್ಲಿ ಆಸ್ಟ್ರಿಯಾದ ಚಿತ್ರಕಾರ ಹೈನ್ರಿಕ್ ಬೆರಾನ್ ಅವರ ಬಣ್ಣದಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮೇರಿ ಮತ್ತು ಹೀಜನ್ ಅವರ ಹಿಂದೂ ಮಹಾಸಾಗರದ ನಕ್ಷೆ ಪ್ರಕಟಿಸಿತು. ಕಾರವಾರದಿಂದಲೋ ಮಲ್ಪೆಯಿಂದಲೋ ನೈಋತ್ಯಕ್ಕೆ ಬಹುದೂರ ಸಾಗಿದರೆ ಸಿಗುವ ಕಾರ್ಲ್ಸ್‌ಬರ್ಗ್ ಶ್ರೇಣಿ ಅದರಲ್ಲಿದೆ. ಭೂಮಿಯ ಗಟ್ಟಿ ಹೊರಪದರ ಚಲಿಸುವ ದೊಡ್ಡ ತುಂಡುಗಳಾಗಿದೆ, ಅವನ್ನು ಫಲಕ ಎನ್ನುತ್ತಾರೆ. ನಾವು ಕೂತಿರುವ ಭಾರತದ ಫಲಕವೂ ಆಫ್ರಿಕದ ಫಲಕವೂ ದೂರ ಸರಿಯುತ್ತಿರುವುದು ಅಲ್ಲಿಯೇ.

ಈ ನಡುವೆ ಯೂಯಿಂಗ್‌ಗೂ ಹೀಜನ್‌ಗೂ ಮನಸ್ತಾಪವಾಗಿ, ಅದರ ಏಟು ಮೇರಿಯ ಮೇಲೂ ಬಿತ್ತು. ವರ್ಷಗಟ್ಟಲೆ ಮನೆಯಲ್ಲೇ ಕೂತು ನಕ್ಷೆ ಬರೆದರು. ಹಡಗು ಹತ್ತುವ ಅವಕಾಶ ಸಿಕ್ಕಿದ್ದು 1968ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ. ಇಡೀ ಜಗತ್ತಿನ ಸಾಗರತಳದ ನಕ್ಷೆ ಸಿದ್ಧವಾದ 1977ರಲ್ಲೇ ಹೀಜನ್ ಐಸ್‌ಲ್ಯಾಂಡ್ ಬಳಿ ಸಬ್‌ಮರೀನಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಮೇರಿ 2006ರವರೆಗೆ ಬದುಕಿದರು. 1997ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರನ್ನು ಇಪ್ಪತ್ತನೇ ಶತಮಾನದ ನಾಲ್ವರು ಮಹಾನ್ ನಕ್ಷೆಗಾರರಲ್ಲಿ ಒಬ್ಬರೆಂದು ಗೌರವಿಸಿತು. ಹಿನ್ನೆಲೆಯಲ್ಲಿ ಕೆಲಸ ಮಾಡಿದ್ದಕ್ಕೆ ತನಗೆ ಯಾವ ಅಸಮಾಧಾನವೂ ಇಲ್ಲ, ಇಂಥ ಕೆಲಸ ಸಿಕ್ಕಿದ್ದೇ ಅದೃಷ್ಟ ಎಂದು ಅವರು ಬರೆದಿದ್ದಾರೆ. ಅದು ಅವರ ದೊಡ್ಡತನ. 1956ರ ಆ ಘೋಷಣೆಯ ವಿಷಯ ಬಂದಾಗಲೆಲ್ಲ ನನಗಂತೂ ಅಸಮಾಧಾನ ಇದ್ದೇ ಇದೆ.

ನಮಸ್ಕಾರ.