ಕ್ರಿಸ್‌ಮಸ್‌ಗೆ ಮೊದಲಿನ ಬೆಂಗಳೂರು: ನಕ್ಷತ್ರ, ರಾಗಿ ಪೈರು, ಗುಲಾಬಿ ಕುಕ್ಕಿ

ಬ್ರಿಗೇಡ್ ರೋಡಿನ ದೀಪ ನೋಡೋಕೆ 24ನೇ ತಾರೀಖು ಸಂಜೆ ಹೊರಟರೆ ಕಾಣೋದು ಮುಂದಿರೋರ ಬೆನ್ನು ಮಾತ್ರ. ಅದೇ ರಸ್ತೆಗೆ ಡಿಸೆಂಬರ್ ಮಧ್ಯದ ಒಂದು ಮಂಗಳವಾರವೋ ಬುಧವಾರವೋ ಸಂಜೆ ಆರೂವರೆಗೆ ಹೋಗಿ, ನಿಂತು ನೋಡೋಕೆ ಜಾಗ ಇರುತ್ತೆ. ಗಾಡಿ ಮಾತ್ರ ತರಬೇಡಿ. ನೇರಳೆ ಮಾರ್ಗದ ಮೆಟ್ರೋ ಹಿಡಿದು ಎಂ.ಜಿ. ರೋಡಲ್ಲಿ ಇಳಿದು, ಚರ್ಚ್ ಸ್ಟ್ರೀಟ್ ಸುತ್ತಿಕೊಂಡು ಸೇಂಟ್ ಪ್ಯಾಟ್ರಿಕ್ಸ್ ಚರ್ಚ್‌ವರೆಗೆ ನಡೆದರೆ ಒಂದು ಗಂಟೆ ಧಾರಾಳ ಸಾಕು.

ಆದರೆ ಈ ಊರಿನ ಕ್ರಿಸ್‌ಮಸ್ ಇರೋದು 25ಕ್ಕಿಂತ ಮುಂಚಿನ ಎರಡು ಮೂರು ವಾರಗಳಲ್ಲಿ, ಅದೂ ದಂಡಿನ (ಕಂಟೋನ್ಮೆಂಟ್) ಕಡೆಯ ಹಳೇ ಬೀದಿಗಳಲ್ಲಿ. ಶಿವಾಜಿನಗರದಿಂದ ಶುರು ಮಾಡಿ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್, ಅದರ ಪಕ್ಕದಲ್ಲೇ ಸೇಂಟ್ ಮೇರಿ ಬೆಸಿಲಿಕಾ. ವಾರದ ದಿನ, ಬೆಳಗ್ಗೆ ಹತ್ತರ ಸುಮಾರಿಗೆ ಹೋಗಿ. ಮಧ್ಯಾಹ್ನದ ಮೇಲೆ ಅಲ್ಲಿ ಆಟೋ ಒಳಗೆ ಕೂತು ಬೆವರೋದೇ ಆಗುತ್ತೆ.

ಕಾಗದದ ನಕ್ಷತ್ರ ತಗೊಳ್ಳೋವಾಗ ಅಂಗಡಿಯಲ್ಲೇ ಪೂರ್ತಿ ಬಿಡಿಸಿ ನೋಡಿ. ಮೂಲೆಗಳ ಅಂಟು ಬಿಟ್ಟಿದ್ದರೆ ಮನೆಗೆ ಬರೋಷ್ಟರಲ್ಲಿ ಬಾಯಿ ತೆರೆದಿರುತ್ತೆ. ಒಳಗೆ 5 ವ್ಯಾಟ್‌ನ ಎಲ್ಇಡಿ ಬಲ್ಬ್ ಸಾಕು. ಹಳೇ ಕಾಲದ ತಂತಿ ಬಲ್ಬ್ ಹಾಕಿದರೆ ಕಾಗದ ಕಂದುತ್ತೆ, ಹೊತ್ತಿಕೊಳ್ಳಲೂಬಹುದು. ಎಲ್ಲರೂ ತಪ್ಪೋದು ನೇತುಹಾಕೋದರಲ್ಲಿ. ಭಾರ ವೈರಿನ ಮೇಲೆ ಬೀಳಬಾರದು. ನಕ್ಷತ್ರವನ್ನ ಬೇರೆ ದಾರಕ್ಕೆ ಕಟ್ಟಿ, ವೈರನ್ನ ಸಡಿಲ ಬಿಡಿ, ಇಲ್ಲದಿದ್ದರೆ ಗಾಳಿಗೆ ಅಲ್ಲಾಡಿ ಅಲ್ಲಾಡಿ ಹೋಲ್ಡರ್ ಒಳಗಿನ ವೈರ್ ಕಳಚುತ್ತೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರ್‌ನಲ್ಲೂ ಇಲ್ಲಿ ಜಡಿಮಳೆ ಹಿಡಿಯುತ್ತೆ. ಹಾಗಾಗಿ ಸಜ್ಜಾದ ಕೆಳಗೇ ಕಟ್ಟಿ.

ಅದೇ ಮಾರ್ಕೆಟ್ಟಿಂದ ಕಾಲು ಕೆ.ಜಿ. ರಾಗಿ ತನ್ನಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನ ಗೊಂಬೆಗಳಿಟ್ಟು ತೋರಿಸೋ ಗೋದಲಿಯಲ್ಲಿ ಕುರಿಗಳು ಮೇಯೋ ಹಸಿರು ಹುಲ್ಲಿದೆಯಲ್ಲ, ಅದು ಇದೇ. ಡಿಸೆಂಬರ್ 12 ಅಥವಾ 13ಕ್ಕೆ ರಾಗಿಯನ್ನ ರಾತ್ರಿ ನೆನೆಸಿ, ಮಾರನೇ ದಿನ ಅಗಲವಾದ ತಟ್ಟೆಯಲ್ಲಿ ಒಂದಿಂಚು ಮಣ್ಣೋ ತೆಂಗಿನ ನಾರಿನ ಪುಡಿಯೋ ಹರಡಿ, ಮೇಲೆ ಒತ್ತಾಗಿ ಚೆಲ್ಲಿ. ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಕೂಡಲೇ ಬಟ್ಟೆ ತೆಗೆದು ಕಿಟಕಿ ಹತ್ತಿರ ಇಡಿ. ನೀರು ಸುರೀಬೇಡಿ, ಚಿಮುಕಿಸಿ. ನೀರು ನಿಂತರೆ ಎರಡೇ ದಿನಕ್ಕೆ ಬಿಳಿ ಬೂಷ್ಟು ಬರುತ್ತೆ. ತಿಂಗಳ ಮೊದಲಲ್ಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಉದ್ದವಾಗಿ ಬಾಗಿ ಹಳದಿಯಾಗಿರುತ್ತೆ. ಬಾಲಯೇಸುವಿನ ಗೊಂಬೆಯನ್ನ ಮಾತ್ರ ಈಗಲೇ ಇಡೋ ಹಾಗಿಲ್ಲ, 24ರ ರಾತ್ರಿವರೆಗೆ ಆ ಜಾಗ ಖಾಲಿ. ಮಗುವನ್ನ ನೋಡೋಕೆ ಬಂದ ಮೂವರು ಜ್ಞಾನಿಗಳ ಗೊಂಬೆಗಳನ್ನ ದೂರದಲ್ಲಿಟ್ಟು, ದಿನಕ್ಕಿಷ್ಟು ಅಂತ ಮುಂದಕ್ಕೆ ಸರಿಸುತ್ತಾ ಜನವರಿ 6ಕ್ಕೆ ಗೋದಲಿ ಮುಟ್ಟಿಸೋ ಮನೆಗಳೂ ಇವೆ. ಮಕ್ಕಳಿರೋ ಮನೇಲಿ ಇದು ತುಂಬಾ ಚೆನ್ನಾಗಿ ನಡೆಯುತ್ತೆ.

ಈಗ ಅಡುಗೆಮನೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡಿ ನೆರೆಹೊರೆಗೆ ಹಂಚೋ ತಿಂಡಿಗಳಿಗೆ ಕುಸ್ವಾರ್ ಅಂತಾರೆ: ನೆವ್ರಿ, ಕುಲ್‌ಕುಲ್, ತುಕ್ಡಿ, ಹೀಗೆ ಒಂದು ತಟ್ಟೆ ತುಂಬಾ. ಅದರಲ್ಲಿ ನೀವು ಒಂದನ್ನೇ ಮಾಡೋದಾದರೆ ಗುಲಾಬಿ ಕುಕ್ಕಿ ಮಾಡಿ. ನೋಡೋಕೆ ಕಷ್ಟ ಅನ್ನಿಸುತ್ತೆ, ಅಷ್ಟೇ.

250 ಗ್ರಾಂ ಮೈದಾ, 50 ಗ್ರಾಂ ಅಕ್ಕಿ ಹಿಟ್ಟು, 100 ಗ್ರಾಂ ಪುಡಿ ಸಕ್ಕರೆ, ಎರಡು ಮೊಟ್ಟೆ, ಚಿಟಿಕೆ ಉಪ್ಪು, ಒಂದು ಚಮಚ ಕರಿ ಎಳ್ಳು, ಸ್ವಲ್ಪ ಏಲಕ್ಕಿ. ಇದಕ್ಕೆ 250 ಎಂ.ಎಲ್. ಗಟ್ಟಿ ತೆಂಗಿನಹಾಲು ಹಾಕಿ ಗಂಟಿಲ್ಲದೆ ಕಲಸಿ, ಅರ್ಧ ಗಂಟೆ ಬಿಡಿ. ಆಮೇಲೆ ನೋಡಿ: ಹಿಟ್ಟು ದೋಸೆ ಹಿಟ್ಟಿಗಿಂತ ಒಂಚೂರು ತೆಳ್ಳಗಿರಬೇಕು. ಗಟ್ಟಿಯಿದ್ದರೆ ಚಮಚ ಚಮಚವಾಗಿ ಹಾಲು ಸೇರಿಸಿ.

ಇದನ್ನ ಕರಿಯೋದು ಉದ್ದ ಹಿಡಿಯ, ಹೂವಿನ ಆಕಾರದ ಲೋಹದ ಅಚ್ಚಿನಲ್ಲಿ. ಅಚ್ಚು ಹೊಸದಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ. ಕರಿಯೋವಾಗ ಕಾಯ್ತಿರೋ ಎಣ್ಣೆಯಲ್ಲೇ ಅಚ್ಚು ಐದು ನಿಮಿಷ ಕೂತಿರಲಿ. ತೆಗೆದು, ಎಣ್ಣೆ ಝಾಡಿಸಿ, ಹಿಟ್ಟಿಗೆ ಅದ್ದಿ, ಆದರೆ ಮುಕ್ಕಾಲು ಭಾಗ ಮಾತ್ರ. ಅದ್ದಿದ ಕೂಡಲೇ ಚುಂಯ್ ಅನ್ನಬೇಕು. ಹಿಟ್ಟು ಅಚ್ಚಿನ ಮೇಲಂಚು ದಾಟಿತೋ, ಹೂವು ಅಚ್ಚನ್ನ ಅಪ್ಪಿಕೊಂಡುಬಿಡುತ್ತೆ, ಚಾಕುವಿನಿಂದ ಕೆರೆದೇ ತೆಗೀಬೇಕು. ಎಣ್ಣೆಗೆ ಇಳಿಸಿ ಹತ್ತು ಹದಿನೈದು ಸೆಕೆಂಡ್ ಹಾಗೇ ಹಿಡಿದು, ಮೆಲ್ಲಗೆ ಅಲ್ಲಾಡಿಸಿದರೆ ಹೂವು ತಾನಾಗೇ ಬಿಟ್ಟುಕೊಳ್ಳುತ್ತೆ. ಹಿಟ್ಟು ಅಚ್ಚಿಗೆ ಹಿಡೀದೆ ಪಾತ್ರೆಯಲ್ಲೇ ಉಳಿದರೆ ಅಚ್ಚು ಅತಿಯಾಗಿ ಕಾದಿದೆ. ಹಿಡಿದದ್ದು ಎಣ್ಣೆಯಲ್ಲಿ ಬಿಡದಿದ್ದರೆ ಅಚ್ಚು ತಣ್ಣಗಿದೆ, ಇಲ್ಲಾ ಸಕ್ಕರೆ ಜಾಸ್ತಿಯಾಗಿದೆ. ಮೊದಲ ಮೂರು ನಾಲ್ಕು ಎಲ್ಲರದ್ದೂ ಕೆಡುತ್ತೆ, ಅವು ಅಡುಗೆಮನೆಯಲ್ಲೇ ಖರ್ಚಾಗುತ್ತವೆ. ತೆಗೆಯೋವಾಗ ಹೂವು ಸ್ವಲ್ಪ ಮೆತ್ತಗೇ ಇರುತ್ತೆ, ಆರಿದ ಮೇಲೆ ಗರಿಗರಿ. ಪೂರ್ತಿ ಆರೋ ಮುಂಚೆ ಡಬ್ಬಿಗೆ ಹಾಕಿ ಮುಚ್ಚಿದರೆ ಮಾರನೇ ದಿನ ಚಕ್ಕಳ.

ಪ್ಲಮ್ ಕೇಕಿಗೆ ಒಣಹಣ್ಣನ್ನ ರಮ್ಮಿನಲ್ಲಿ ವಾರಗಟ್ಟಲೆ ಮೊದಲೇ ನೆನೆಹಾಕಬೇಕಿತ್ತು. ಈಗ ನೆನಪಾಗಿದ್ದರೆ, 500 ಗ್ರಾಂ ಹಣ್ಣನ್ನ 200 ಎಂ.ಎಲ್. ಕಿತ್ತಳೆ ರಸದಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ ರಾತ್ರಿಯಿಡೀ ಬಿಡಿ. ರಸ ಸೋಸಿ, ಕೇಕಿಗೆ ಅಳೆದ ಮೈದಾದಲ್ಲೇ ಎರಡು ಚಮಚ ತೆಗೆದು ಹಣ್ಣನ್ನ ಅದರಲ್ಲಿ ಹೊರಳಿಸದಿದ್ದರೆ ಎಲ್ಲಾ ತಳಕ್ಕೆ ಇಳಿಯುತ್ತೆ. ಬೇಕರಿಯಿಂದ ತರೋದಾದರೆ 18ರೊಳಗೆ ಹೇಳಿಡಿ. ಬೆಂಗಳೂರಿನ ಕೇಕ್ ಶೋ ಕೂಡ ಸಾಮಾನ್ಯವಾಗಿ ಡಿಸೆಂಬರ್ ಮಧ್ಯಕ್ಕೇ ಶುರುವಾಗುತ್ತೆ. ಆಳೆತ್ತರದ ಸಕ್ಕರೆ ಕೆಲಸ ನೋಡೋಕೆ ರಜೆ ಶುರುವಾಗೋ ಮುಂಚಿನ ವಾರದ ದಿನವೇ ಒಳ್ಳೇದು. ಜಾಗ ಬದಲಾಗ್ತಿರುತ್ತೆ, ವಿಚಾರಿಸಿ ಹೊರಡಿ.

24ರ ರಾತ್ರಿ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗೋರು ಭಾಷೆ, ಸಮಯ ಎರಡನ್ನೂ ಚರ್ಚಿನ ಫಲಕದಲ್ಲಿ ನೋಡಿಕೊಳ್ಳಿ. ಕನ್ನಡ, ತಮಿಳು, ಇಂಗ್ಲಿಷ್ ಪೂಜೆ ಬೇರೆ ಬೇರೆ ಇರುತ್ತೆ. ಗಾಯನ ಶುರುವಾಗೋ ಮುಂಚೆಯೇ ಸೇರಿಕೊಂಡರೆ ಕುರ್ಚಿ ಸಿಗುತ್ತೆ. ಎಷ್ಟೋ ಕಡೆ ಬಯಲಲ್ಲೇ ಕೂರೋದು, ಇಬ್ಬನಿ ಬೀಳುತ್ತೆ, ಸ್ವೆಟರ್ ಜೊತೆ ತಲೆಗೊಂದು ಟೋಪಿಯೋ ಶಾಲೋ ಇರಲಿ. ಕ್ರೈಸ್ತರಲ್ಲದವರೂ ಬಂದು ಕೂರಬಹುದು. ಪರಮಪ್ರಸಾದದ (ಪಾದ್ರಿ ಕೊಡೋ ಪವಿತ್ರ ರೊಟ್ಟಿಯ) ಸಾಲಿಗೆ ಮಾತ್ರ ಹೋಗದೆ ಕೂತಲ್ಲೇ ಇರಿ. ಪೂಜೆ ಮುಗಿಯೋ ಹೊತ್ತಿಗೆ ಮೆಟ್ರೋ ನಿಂತಿರುತ್ತೆ, ಎಲ್ಲರೂ ಒಟ್ಟಿಗೆ ಕ್ಯಾಬ್ ಹುಡುಕ್ತಿರ್ತಾರೆ. ಗೇಟಿಂದ ಎರಡು ಬೀದಿ ಆಚೆ ನಡೆದು ಅಲ್ಲಿಂದ ಬುಕ್ ಮಾಡಿ, ಬೇಗ ಬರುತ್ತೆ.