ಸೀಮೆ ಗಡಿಯಾದ ಬಗೆ

ಸಭೆಯ ಅಧ್ಯಕ್ಷರೆ, ಹಿರಿಯರೆ, ವಿದ್ಯಾರ್ಥಿ ಮಿತ್ರರೆ,

ಕಾರವಾರದಿಂದ ಕಾಳಿ ಸೇತುವೆ ದಾಟಿ, ಸದಾಶಿವಗಡದ ಗುಡ್ಡದ ಬುಡದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಅರ್ಧ ತಾಸಿನೊಳಗೆ ಮಾಜಾಳಿಯ ತನಿಖಾ ಠಾಣೆ ಸಿಗುತ್ತದೆ. ಅದರಾಚೆ ಗೋವೆಯ ಪೋಳೆಂ. ಆ ಕಡೆಯಿಂದ ಬಂದ ಬಸ್ಸನ್ನು ಅಬಕಾರಿಯವರು ಹತ್ತಿ, ಸೀಟಿನ ಕೆಳಗಿನ ಚೀಲಗಳನ್ನು ಒತ್ತಿ ನೋಡುತ್ತಾರೆ. ಈ ಕಡೆಯಿಂದ ಹೋಗುವ ಬೈಕುಗಳು ಅಗ್ಗದ ಪೆಟ್ರೋಲಿಗಾಗಿ ಆಚೆಯ ಬಂಕಿನಲ್ಲಿ ಸಾಲುಗಟ್ಟುತ್ತವೆ. ಅಂಗಡಿಯ ಫಲಕಗಳಲ್ಲಿ ಕನ್ನಡ ಹೋಗಿ ದೇವನಾಗರಿ, ರೋಮನ್ ಲಿಪಿಗಳು ಬರುತ್ತವೆ. ಬುಟ್ಟಿ ಹೊತ್ತು ಬಸ್ಸಿಳಿದ ಮೀನುಗಾರ್ತಿಯ ಕೊಂಕಣಿ ಮಾತ್ರ ಠಾಣೆಯ ಎರಡೂ ಬದಿಯಲ್ಲಿ ಒಂದೇ. ರಾಜಕೀಯ ಭೂಗೋಳವೆಂಬ ಶಾಸ್ತ್ರವು ಕೇಳುವ ಪ್ರಶ್ನೆ ಹುಟ್ಟುವುದು ಇಂಥ ಜಾಗದಲ್ಲಿ: ಜನ ಬೇರೆ ಬೇರೆಯಾಗಿದ್ದರಿಂದ ಗೆರೆ ಬಿತ್ತೇ, ಇಲ್ಲ ಗೆರೆ ಬಿದ್ದ ಮೇಲೆ ಜನ ಬೇರೆಯಾದರೇ? ಎರಡನೆಯದೇ ಹೆಚ್ಚು ನಿಜವೆಂಬುದು ನನ್ನ ತಿಳಿವಳಿಕೆ, ಮತ್ತು ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ.

ಮೊದಲು ಪದಗಳ ವಿಚಾರ. ‘ಸೀಮೆ’ ಎಂದರೆ ಸಂಸ್ಕೃತದಲ್ಲಿ ಎಲ್ಲೆ. ಕನ್ನಡದಲ್ಲಿ ಅದು ಎಲ್ಲೆಯೂ ಹೌದು, ಎಲ್ಲೆಯೊಳಗಿನ ನಾಡೂ ಹೌದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎನ್ನುವಾಗ ಅದೇ ಪದ ಪರದೇಶವನ್ನೂ ಸೂಚಿಸುತ್ತದೆ. ಒಂದೇ ಮಾತು ಒಳಗನ್ನೂ ಅಂಚನ್ನೂ ಹೊರಗನ್ನೂ ಹೇಳುವುದು ಭಾಷೆಯ ಬಡತನದಿಂದಲ್ಲ. ಹಳೆಯ ರಾಜ್ಯಗಳ ಅಂಚುಗಳು ಹಾಗೆಯೇ ಇದ್ದವು. ರಾಜಧಾನಿಯಿಂದ ದೂರ ಹೋದಂತೆ ಅರಸನ ಹಿಡಿತ ಸಡಿಲವಾಗುತ್ತ, ಘಟ್ಟದ ಕಾಡಿನಲ್ಲೆಲ್ಲೋ ಇನ್ನೊಬ್ಬ ಅರಸನ ಹಿಡಿತದೊಡನೆ ಬೆರೆತುಹೋಗುತ್ತಿತ್ತು. ಭೂಗೋಳಶಾಸ್ತ್ರದವರು ಇಂಥ ಅಗಲವಾದ ಅಂಚುಪ್ರದೇಶಕ್ಕೂ, ನಕ್ಷೆಯಲ್ಲಿ ದಪ್ಪವಿಲ್ಲದ ಗೆರೆಯಾಗಿರುವ ಗಡಿಗೂ ವ್ಯತ್ಯಾಸ ಮಾಡುತ್ತಾರೆ. ನಾನು ಇಂದು ಮೊದಲನೆಯದನ್ನು ಸೀಮೆ ಎಂದೂ ಎರಡನೆಯದನ್ನು ಗಡಿ ಎಂದೂ ಕರೆಯುತ್ತೇನೆ.

ಮಾಜಾಳಿಯ ಗೆರೆ ಹುಟ್ಟಿದ ಕಥೆ ಶಿರಸಿಯ ಬದಿಯ ಸೋಂದೆಯಿಂದ ಶುರುವಾಗುತ್ತದೆ. ವಿಜಯನಗರದ ಸಾಮಂತರಾಗಿದ್ದ ಸೋಂದೆಯ ಅರಸರ ಸೀಮೆ ಘಟ್ಟದ ಮೇಲಿನ ಅಡಕೆ, ಮೆಣಸಿನ ತೋಟಗಳಿಂದ ಕೆಳಗಿನ ಕಡಲ ತೀರದವರೆಗೆ ಚಾಚಿತ್ತು. ಇಂದು ಗೋವೆಯೊಳಗಿರುವ ಕಾಣಕೋಣವೂ ಅದರದೇ. 1763-64ರ ಸುಮಾರಿಗೆ ಹೈದರಾಲಿಯ ಸೈನ್ಯ ಸೋಂದೆಯನ್ನು ಹಿಡಿದಾಗ ಅರಸರು ಪೋರ್ಚುಗೀಸರ ಆಶ್ರಯಕ್ಕೆ ಹೋದರು. ಅವರ ಸೀಮೆಯ ಉತ್ತರದ ತುಂಡು ಪೋರ್ಚುಗೀಸರ ಕೈ ಸೇರಿ, 1791ರ ಒಪ್ಪಂದದಿಂದ ಕಾಯಂ ಆಯಿತು. ದಕ್ಷಿಣದ ತುಂಡು ಹೈದರ, ಟಿಪ್ಪುವಿನಿಂದ 1799ರಲ್ಲಿ ಇಂಗ್ಲಿಷರಿಗೆ ಹೋಗಿ, ಕೆನರಾ ಜಿಲ್ಲೆಯ ಭಾಗವಾಗಿ ಮದರಾಸಿಗೆ ಸೇರಿ, ಜಿಲ್ಲೆ ಒಡೆದ ನಂತರ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗವಾಗಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹೀಗೆ ಒಂದು ಸೈನ್ಯ ಎಲ್ಲಿಗೆ ಬಂದು ನಿಂತಿತೋ, ಒಬ್ಬ ಅರಸ ಯಾರ ಮೊರೆ ಹೊಕ್ಕನೋ, ಅದು ಇಂದು ಯಾರ ಸಂಬಳದ ಚೀಟಿ ಯಾವ ಭಾಷೆಯಲ್ಲಿರಬೇಕೆಂಬುದನ್ನು ನಿರ್ಧರಿಸುತ್ತಿದೆ. ಇದೇ ಪರಂಪರೆಯ ಇನ್ನೊಂದು ಉಳಿಕೆ ಅಂಜದೀವ. ಕಾರವಾರದ ಪಕ್ಕದ ಬಿಣಗಾದ ದಡದಿಂದ ಕಣ್ಣಳತೆಯಲ್ಲಿರುವ ಆ ದ್ವೀಪ, ಪೋರ್ಚುಗೀಸರ ವಶದಲ್ಲಿತ್ತೆಂಬ ಒಂದೇ ಕಾರಣಕ್ಕೆ, ಈಗಲೂ ಆಡಳಿತದ ಲೆಕ್ಕದಲ್ಲಿ ಗೋವೆಯದು. 1961ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿಕೊಳ್ಳಲು ಹೋದ ನೌಕಾಪಡೆಯ ಯೋಧರು ಅಲ್ಲಿ ಪ್ರಾಣ ಕೊಟ್ಟಿದ್ದಾರೆ.

ನೆಲದ ಮೇಲಾದರೆ ಗಡಿಕಲ್ಲು ನೆಡಬಹುದು. ಸಮುದ್ರದಲ್ಲಿ ಗಡಿಯೆಂದರೆ ದಡದ ಆಧಾರರೇಖೆಯಿಂದ ಅಳೆದ ದೂರ: 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ದೇಶದ ಪ್ರಾದೇಶಿಕ ಜಲ, 200 ಮೈಲಿಯವರೆಗೆ ಅನನ್ಯ ಆರ್ಥಿಕ ವಲಯ, ಅಂದರೆ ಮೀನು, ಖನಿಜಗಳ ಹಕ್ಕು ಆ ದೇಶಕ್ಕಷ್ಟೇ ಇರುವ ನೀರು. ನಮ್ಮಲ್ಲಿ ಇದಕ್ಕೆ 1976ರ ಕಾಯ್ದೆಯಿದೆ. ಮೊದಲ 12 ಮೈಲಿಯೊಳಗಿನ ಮೀನುಗಾರಿಕೆ ರಾಜ್ಯಗಳ ವಿಷಯವಾದ್ದರಿಂದ, ಕಾರವಾರದ ಬೋಟು ಬಂಗುಡೆಯ ಹಿಂಡಿನ ಬೆನ್ನು ಹತ್ತಿ ಸ್ವಲ್ಪ ಉತ್ತರಕ್ಕೆ ಜರುಗಿದರೆ ಇನ್ನೊಂದು ರಾಜ್ಯದ ಕಾನೂನಿನೊಳಗೆ ಹೋಗಿರುತ್ತದೆ. ಬೋಟು ನಡೆಸುವ ತಾಂಡೇಲನಿಗೆ ಅದು ಗೊತ್ತಾಗುವುದು ಜಿಪಿಎಸ್ ಪರದೆ ನೋಡಿದಾಗ, ಇಲ್ಲವೆ ಅಲ್ಲಿಯ ಗಸ್ತಿನ ದೋಣಿ ಎದುರಾದಾಗ.

ಇನ್ನು ಪ್ರಭುತ್ವ. ‘ರಾಜ್ಯ’ ಎಂದರೆ ನಮಗೆ ಕರ್ನಾಟಕ, ಗೋವಾ ನೆನಪಾಗುವುದರಿಂದ ಸಾರ್ವಭೌಮ ಘಟಕಕ್ಕೆ ‘ಪ್ರಭುತ್ವ’ ಎಂಬ ಪದವನ್ನೇ ಬಳಸುವುದು ಒಳ್ಳೆಯದು. 1933ರ ಮಾಂಟೆವಿಡಿಯೊ ಒಡಂಬಡಿಕೆ ಅದಕ್ಕೆ ನಾಲ್ಕು ಲಕ್ಷಣ ಹೇಳಿತು: ಕಾಯಂ ಜನವಸತಿ, ನಿಶ್ಚಿತ ಭೂಭಾಗ, ಸರಕಾರ, ಮತ್ತು ಇತರ ಪ್ರಭುತ್ವಗಳೊಡನೆ ವ್ಯವಹರಿಸುವ ಶಕ್ತಿ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲೇ ಇನ್ನೂ ಖಾರವಾಗಿ, ಒಂದು ಭೂಭಾಗದೊಳಗೆ ನ್ಯಾಯಬದ್ಧ ಬಲಪ್ರಯೋಗ ತನಗೊಬ್ಬನಿಗೇ ಸೇರಿದ್ದೆಂದು ಸಾಧಿಸಿ ದಕ್ಕಿಸಿಕೊಳ್ಳುವ ಸಮುದಾಯವೇ ಪ್ರಭುತ್ವ ಎಂದಿದ್ದ. ಆ ‘ನ್ಯಾಯಬದ್ಧ’ ಎಂಬ ಮಾತನ್ನು ಗಮನಿಸಬೇಕು. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲವೆಂದು ಕುಳಿತಾಗ ಇಂಗ್ಲಿಷರ ಬಳಿ ಪೊಲೀಸರಿದ್ದರು, ಜಪ್ತಿಯ ಅಧಿಕಾರವಿತ್ತು, ರೈತರ ಭೂಮಿ, ದನಕರು ಹರಾಜಿಗೂ ಬಂದವು. ಬಲಕ್ಕೆ ಏನೂ ಕೊರತೆಯಿರಲಿಲ್ಲ. ಆ ಬಲ ನ್ಯಾಯವೆಂದು ಒಪ್ಪುವವರು ಇಲ್ಲವಾಗಿದ್ದರು. ಕರನಿರಾಕರಣೆಯನ್ನು ನಾವು ದೇಶಭಕ್ತಿಯ ಪಾಠವಾಗಿಯಷ್ಟೇ ಓದುತ್ತೇವೆ. ರಾಜಕೀಯ ಭೂಗೋಳದ ಪಾಠವಾಗಿ ಓದುವವರು ಕಡಿಮೆ.

ಪ್ರಭುತ್ವ ಬೇರೆ, ರಾಷ್ಟ್ರ ಬೇರೆ. ನಾವು ಒಂದು ಜನ ಎಂಬ ಭಾವನೆ ರಾಷ್ಟ್ರ. ಅದಕ್ಕೆ ಸ್ವಂತ ಪ್ರಭುತ್ವ ಇರಲೇಬೇಕೆಂದಿಲ್ಲ. ಇದನ್ನು ವಿವರಿಸಲು ಪಠ್ಯಪುಸ್ತಕಗಳು ತುರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿರುವ ಕುರ್ದರನ್ನು ತೋರಿಸುತ್ತವೆ. ನಾವು ಮುಂಡಗೋಡಿಗೆ ಹೋದರೆ ಸಾಕು. 1966ರಿಂದ ಅಲ್ಲಿರುವ ಟಿಬೆಟಿಯನ್ನರ ಕ್ಯಾಂಪಿನಲ್ಲಿ ಗಾಂದೆನ್, ದ್ರೆಪುಂಗ್ ಮಠಗಳಿವೆ, ಶಾಲೆಗಳಿವೆ, ಹಿಮಾಚಲದ ಧರ್ಮಶಾಲಾ ಪಟ್ಟಣದಲ್ಲಿರುವ ತಮ್ಮ ದೇಶಭ್ರಷ್ಟ ಆಡಳಿತಕ್ಕೆ ಮತ ಹಾಕುವವರಿದ್ದಾರೆ. ಮಾಂಟೆವಿಡಿಯೊದ ಪಟ್ಟಿಯಲ್ಲಿ ಅವರ ಕೈಯಲ್ಲಿ ಇಲ್ಲದ್ದು ಮುಖ್ಯವಾಗಿ ಭೂಭಾಗ. ಜೋಳದ ಹೊಲಗಳ ನಡುವೆ ನಿಂತು ಆ ಮಠಗಳ ಚಿನ್ನದ ಬಣ್ಣದ ಶಿಖರಗಳನ್ನು ನೋಡುವಾಗ, ದೇಶವೊಂದು ನೆಲವಿಲ್ಲದೆ ಎಷ್ಟು ಕಾಲ ಬಾಳಬಲ್ಲದು ಎಂಬ ಯೋಚನೆ ಬಾರದೆ ಇರುವುದಿಲ್ಲ.

ಭಾರತದೊಳಗಿನ ಗಡಿಗಳನ್ನು ನಾವು ಹಾಕಿಕೊಂಡದ್ದು ಭಾಷೆಯ ಆಧಾರದ ಮೇಲೆ. ಭಾಷೆಗೂ ಉಪಭಾಷೆಗೂ ನಡುವಿನ ಗೆರೆಯೇ ಒಂದು ರಾಜಕೀಯ ತೀರ್ಮಾನವೆಂಬುದು ಕಾರವಾರಕ್ಕೆ ತಿಳಿದಷ್ಟು ಬೇರೆ ಊರಿಗೆ ತಿಳಿದಿರಲಾರದು. ಕೊಂಕಣಿ ಮರಾಠಿಯ ಉಪಭಾಷೆ ಎಂದು ಒಪ್ಪಿದರೆ ಕಾರವಾರ, ಹಳಿಯಾಳ, ಸೂಪಾ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ವಾದಕ್ಕೆ ಬಲ. ಅದು ಸ್ವತಂತ್ರ ಭಾಷೆಯೆಂದರೆ ಆ ವಾದದ ಕಾಲೇ ಮುರಿಯುತ್ತದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಕಾರವಾರದ ಮೇಲಿನ ಆ ಹಕ್ಕನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ವರದಿಯನ್ನೇ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಯೋಗ ಕೆಲಸ ನಡೆಸುತ್ತಿದ್ದ ಹೊತ್ತಿಗೇ, 1967ರ ಜನವರಿ 16ರಂದು, ಗೋವೆಯವರು ಜನಮತಗಣನೆಯಲ್ಲಿ ಮಹಾರಾಷ್ಟ್ರದಲ್ಲಿ ವಿಲೀನವಾಗಲು ಒಲ್ಲೆವೆಂದರು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿ ಸೇರಿತು. ಮೊದಲು ಮತ, ಆಮೇಲೆ 1987ರಲ್ಲಿ ರಾಜ್ಯದ ಪಟ್ಟ, ಕೊನೆಗೆ ಭಾಷೆಗೆ ಪೂರ್ಣ ಮನ್ನಣೆ: ಈ ಅನುಕ್ರಮವನ್ನು ನೋಡಿದರೆ, ಭಾಷೆ ಗಡಿಯನ್ನು ಹುಟ್ಟಿಸಿತು ಎನ್ನುವುದಕ್ಕಿಂತ ಗಡಿ ಭಾಷೆಯನ್ನು ಗಟ್ಟಿ ಮಾಡಿತು ಎನ್ನಬೇಕಾಗುತ್ತದೆ.

ಜನಾಂಗೀಯತೆಯ ವಿಚಾರದಲ್ಲಿ ಈ ಮಾತು ಇನ್ನೂ ಮೊನಚಾಗುತ್ತದೆ. ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಹೇಳಿದ್ದೇನೆಂದರೆ, ಒಂದು ಸಮುದಾಯವನ್ನು ಸಮುದಾಯವಾಗಿ ಇಡುವುದು ಅದರ ಉಡುಗೆ, ಊಟ, ಆಚಾರಗಳ ಮೊತ್ತವಲ್ಲ, ‘ನಾವು’ ಮತ್ತು ‘ಅವರು’ ಎಂಬ ನಡುವಿನ ಎಲ್ಲೆ. ಒಳಗಿನ ಸರಕು ಬದಲಾದರೂ ಎಲ್ಲೆ ಉಳಿಯಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ನೋಡಿ. ಆಫ್ರಿಕಾದಿಂದ ಬಂದವರ ಸಂತತಿ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ, ಮನೆಯ ಮಾತು ಬಹುಮಟ್ಟಿಗೆ ಕೊಂಕಣಿ. ಧರ್ಮ ಅವರನ್ನು ಒಡೆಯಲಿಲ್ಲ, ಭಾಷೆ ಅವರನ್ನು ಅಕ್ಕಪಕ್ಕದವರೊಳಗೆ ಕರಗಿಸಲಿಲ್ಲ. ಸರಕಾರಿ ಪಟ್ಟಿಗೆ ಮಾತ್ರ ಬೇರೆ ಲೆಕ್ಕ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡವಾದದ್ದು ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾಗಿ. ಹಳಿಯಾಳಕ್ಕೆ ತಾಗಿಕೊಂಡಿರುವ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಲು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ ಒಂದು ಜಿಲ್ಲೆಯ ಗಡಿಯೇ ಬುಡಕಟ್ಟಿನ ಗಡಿಯಾಗಿತ್ತು.

ಜೋಯಿಡಾದ ಕುಣಬಿಗಳದು ಇನ್ನೂ ಮುಗಿಯದ ಕಥೆ. ಕಾಡಿನಂಚಿನ ಮಣ್ಣಿನಲ್ಲಿ ಹತ್ತಾರು ಬಗೆಯ ಗೆಡ್ಡೆಗೆಣಸುಗಳನ್ನು ಉಳಿಸಿ ಬೆಳೆಸುವ ಈ ಜನರ ನೆಂಟಸ್ತಿಕೆ ಘಟ್ಟದ ಕೆಳಗಿನ ಗೋವೆಗೂ ಹಬ್ಬಿದೆ. ಗೋವೆಯಲ್ಲಿ ಕುಣಬಿ, ಗಾವಡಾ, ವೇಳಿಪ ಸಮುದಾಯಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳೆಂದು ಸೇರಿಸಲಾಯಿತು. ಇಲ್ಲಿಯ ಕುಣಬಿಗಳ ಅದೇ ಬೇಡಿಕೆ ಇನ್ನೂ ಅರ್ಜಿಗಳಲ್ಲಿಯೇ ಇದೆ. ಕಾನೂನಿನಲ್ಲಿ ಪಂಗಡದ ಸ್ಥಾನ ಹುಟ್ಟಿನಿಂದ ಬರುತ್ತದೆ, ಮದುವೆಯಿಂದ ಬರುವುದಿಲ್ಲ. ಆದ್ದರಿಂದ ಜೋಯಿಡಾದ ಕುಣಬಿ ಹುಡುಗಿಯೊಬ್ಬಳನ್ನು ಗೋವೆಯ ಸಾಂಗೆಯ ಕುಣಬಿ ಮನೆಗೆ ಕೊಟ್ಟರೆ, ಆ ಮನೆಯ ಗಂಡ ಬುಡಕಟ್ಟಿನವನು, ಹುಟ್ಟುವ ಮಕ್ಕಳು ಬುಡಕಟ್ಟಿನವರು, ಅದೇ ಗೆಣಸನ್ನು ಅದೇ ಮಾತಿನಲ್ಲಿ ಹೆಸರು ಹಿಡಿದು ಕರೆದು ಬೇಯಿಸಿ ಬಡಿಸುವ ತಾಯಿ ಮಾತ್ರ ಅಲ್ಲ.