ವಿಮಾನವಿದೆ, ಹಾರಿಸುವವರಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಡಿಸೆಂಬರ್ ಮೊದಲ ವಾರ ನಮ್ಮ ಹುಬ್ಬಳ್ಳಿಯ ಒಂದು ಆರತಕ್ಷತೆ ದೇಶಕ್ಕೆಲ್ಲ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಮಂಟಪ ಸಿಂಗಾರಗೊಂಡಿತ್ತು, ಬಂಧುಬಳಗ ನೆರೆದಿತ್ತು. ಮದುಮಕ್ಕಳು ಮಾತ್ರ ಭುವನೇಶ್ವರದಲ್ಲಿ ಸಿಕ್ಕಿಬಿದ್ದಿದ್ದರು. ವಿಮಾನ ಮೊದಲು ತಡವಾಯಿತು, ಆಮೇಲೆ ಇನ್ನಷ್ಟು ತಡವಾಯಿತು, ಕೊನೆಗೆ ರದ್ದಾಯಿತು. ಹೆಣ್ಣಿನ ತಂದೆತಾಯಿಯೇ ಮದುಮಕ್ಕಳ ಆಸನದಲ್ಲಿ ಕುಳಿತುಕೊಂಡರು. ದಂಪತಿ ಅಲ್ಲಿಂದಲೇ ಅಲಂಕಾರ ಮಾಡಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು. ಅಕ್ಷತೆಯನ್ನು ಪರದೆಗೆ ಹಾಕಿದರೋ ಬೀಗರ ತಲೆಗೆ ಹಾಕಿದರೋ ನಾನರಿಯೆ, ನನಗೆ ಆಮಂತ್ರಣವಿರಲಿಲ್ಲ.

ಆ ವಾರದ ಗದ್ದಲಕ್ಕೆ ಮುಖ್ಯ ಕಾರಣ ಮಂಜಲ್ಲ, ಮಳೆಯಲ್ಲ. ವಿಮಾನಗಳಿದ್ದವು, ಹಾರಿಸುವವರು ಸಾಲದಾಗಿದ್ದರು. ಪೈಲಟ್‌ಗಳ ದುಡಿಮೆ ಮತ್ತು ವಿಶ್ರಾಂತಿಯ ಬಗ್ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲೇ ಹೊಸ ನಿಯಮ ಹೊರಡಿಸಿತ್ತು. ಕಂಪನಿಗಳು ಕಾಲಾವಕಾಶ ಕೇಳಿದವು, ಜಾರಿ ಮುಂದಕ್ಕೆ ಹೋಯಿತು, ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಕೊನೆಗೆ ಮೊದಲ ಕಂತು 2025ರ ಜುಲೈನಲ್ಲಿ, ಎರಡನೆಯ ಕಂತು ನವೆಂಬರ್ 1ರಂದು ಜಾರಿಗೆ ಬಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಪಾಳಿಯಲ್ಲಿ ಆರು ಸಲ ವಿಮಾನ ಇಳಿಸಬಹುದಾಗಿದ್ದವರು ಇನ್ನು ಎರಡೇ ಸಲ ಇಳಿಸಬೇಕು. ದೇಶದ ಅತಿದೊಡ್ಡ ಕಂಪನಿಯಾದ ಇಂಡಿಗೊ ಬಳಿ ಈ ಲೆಕ್ಕಕ್ಕೆ ಸಾಲುವಷ್ಟು ಪೈಲಟ್‌ಗಳಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಅದರ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸರ್ಕಾರ ರಾತ್ರಿ ಪಾಳಿಯ ನಿಯಮಗಳಿಂದ ಆ ಕಂಪನಿಗೆ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟು ಕೈತೊಳೆದುಕೊಂಡಿತು.

ಆ ದಿನಗಳಲ್ಲಿ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ನಿಯಮ ಮಾಡಿದವರಿಗೆ ಹಿಡಿಶಾಪ ಹಾಕುತ್ತಿದ್ದರು. "ತಂಪಾದ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ. ಅದಕ್ಕೆ ಎರಡು ದಿನ ನಿದ್ದೆ ಬೇರೆ ಬೇಕೇನ್ರೀ ಇವರಿಗೆ?" ಎಂದರು. ಈ ಮಾತಿಗೆ ಉತ್ತರ ಕೊಡಬೇಕೆಂದೇ ನಾನು ಇಂದು ಇಲ್ಲಿ ಕುಳಿತಿದ್ದೇನೆ.

ನಾನು ವಿಮಾನದವನಲ್ಲ, ರೈಲಿನವನು. ರೈಲು ಚಾಲಕರು ಸಹಿ ಹಾಕಿ ಗಾಡಿ ಹತ್ತುವ ಕಚೇರಿಗೆ ನಮ್ಮಲ್ಲಿ ಲಾಬಿ ಎನ್ನುತ್ತೇವೆ. ಯಾವ ಗಾಡಿಗೆ ಯಾರು ಎಂದು ಗೊತ್ತುಮಾಡುವುದು ಅಲ್ಲಿ ನನ್ನ ಕೆಲಸವಾಗಿತ್ತು. ಮೊಬೈಲ್ ಬರುವುದಕ್ಕೆ ಮೊದಲು ಕಾಲ್‌ಬಾಯ್ ಎಂಬವನೊಬ್ಬ ಇರುತ್ತಿದ್ದ. ನಡುರಾತ್ರಿ ಸೈಕಲ್ ಏರಿ ಗದಗ ರಸ್ತೆಯ ಕ್ವಾರ್ಟರ್ಸ್‌ಗೆ ಹೋಗಿ ಬಾಗಿಲು ಬಡಿಯುತ್ತಿದ್ದ. ಚಾಲಕ ಕಣ್ಣುಜ್ಜುತ್ತ ಬಂದು ಟಾರ್ಚ್ ಬೆಳಕಿನಲ್ಲಿ ಪುಸ್ತಕಕ್ಕೆ ಸಹಿ ಹಾಕಿದರೆ ಕರೆ ಮುಟ್ಟಿತು ಎಂದು ಅರ್ಥ. ಹಾಗೆ ಕರೆ ಕಳಿಸುವ ಮುನ್ನ ನಾವು ನೋಡುತ್ತಿದ್ದದ್ದು ಒಂದೇ ಕಾಲಂ: ಈ ಮನುಷ್ಯ ಹಿಂದಿನ ಪಾಳಿ ಮುಗಿಸಿದ್ದು ಎಷ್ಟು ಗಂಟೆಗೆ? ಯಾರ್ಡ್‌ನಲ್ಲಿ ಗಾಡಿ ಸಿದ್ಧವಾಗಿ ನಿಂತಿದೆ, ಕಂಟ್ರೋಲ್‌ನಿಂದ ಮೇಲಿಂದ ಮೇಲೆ ಫೋನ್ ಬರುತ್ತಿದೆ, ಪಟ್ಟಿಯಲ್ಲಿರುವ ಒಬ್ಬನೇ ಚಾಲಕನ ವಿಶ್ರಾಂತಿ ಮುಗಿಯಲು ಇನ್ನೂ ಒಂದು ತಾಸು ಬಾಕಿ. ಅಂಥ ಹೊತ್ತಿನಲ್ಲಿ ಆ ಒಂದು ತಾಸು ಎಷ್ಟು ಸಣ್ಣದಾಗಿ ಕಾಣುತ್ತದೆ ಎಂಬುದು ಆ ಕುರ್ಚಿಯಲ್ಲಿ ಕುಳಿತವರಿಗೇ ಗೊತ್ತು. ಗಾಡಿ ಕಾಯಬೇಕು, ಬೇರೆ ದಾರಿಯಿಲ್ಲ.

ನಿದ್ದೆಗೆ ಏನು ಬೆಲೆ ಎಂದು ಕೇಳುವವರು ಮಂಗಳೂರನ್ನು ನೆನೆಯಲಿ. 2010ರ ಮೇ 22ರಂದು ರಾತ್ರಿಯಿಡೀ ಹಾರಿ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಉರುಳಿತು. 166 ಜನರಲ್ಲಿ ಉಳಿದವರು 8 ಮಂದಿ. ತನಿಖಾ ವರದಿಯ ಪ್ರಕಾರ ಹಾರಾಟದ ಬಹುಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆಯ ಸದ್ದು ಧ್ವನಿಮುದ್ರಣದಲ್ಲಿ ದಾಖಲಾಗಿತ್ತು. ನಿದ್ದೆಯ ಮಂಪರು ಹರಿಯದೆಯೇ ಅವರು ವಿಮಾನ ಇಳಿಸಲು ಹೊರಟಿದ್ದರು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. ಆ ಕ್ಯಾಪ್ಟನ್ ವಿದೇಶದಿಂದ ಬಂದವರು. ನಮ್ಮ ಕಂಪನಿಗಳು ಬೇಗ ಬೇಗ ಬೆಳೆದಾಗ ಕ್ಯಾಪ್ಟನ್‌ಗಳು ಸಾಲದೆ ಹೊರದೇಶದಿಂದ ಕರೆಸಿಕೊಂಡದ್ದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಅಂದರೆ ಈ ಕೊರತೆ ನಿನ್ನೆ ಮೊನ್ನೆಯದಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಕೈಯಲ್ಲಿ ಮೀಸಲು ಜನರಿಲ್ಲದೆ ವೇಳಾಪಟ್ಟಿ ಹೆಣೆಯುವುದರಲ್ಲಿ ಇದೆ. ನೂರು ಗಾಡಿಗೆ ನೂರೇ ಜನರನ್ನು ಇಟ್ಟುಕೊಂಡು ಕುಳಿತರೆ ಒಬ್ಬನಿಗೆ ಜ್ವರ ಬಂದ ದಿನವೇ ಒಂದು ಗಾಡಿ ನಿಲ್ಲುತ್ತದೆ. ಮೀಸಲು ಪೈಲಟ್ ಎಂದರೆ ಕೆಲಸವಿಲ್ಲದ ದಿನವೂ ಸಂಬಳ ಎಣಿಸಬೇಕಾದವನು. ಅಗ್ಗದ ಟಿಕೆಟ್ ಮಾರುವ ಕಂಪನಿಗೆ ಅವನು ಮೊದಲು ಕಣ್ಣಿಗೆ ಬೀಳುವ ಖರ್ಚು.

ಹೀಗೆ ಜನ ಕಡಿಮೆಯಾದಾಗ ಏಟು ಬೀಳುವುದು ಎಲ್ಲ ಊರಿಗೂ ಸಮನಾಗಿ ಅಲ್ಲ. ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನದಲ್ಲಿ ಎಪ್ಪತ್ತು ಚಿಲ್ಲರೆ ಆಸನಗಳಿರುತ್ತವೆ, ದೆಹಲಿ ಮುಂಬೈಗೆ ಹೋಗುವ ಏರ್‌ಬಸ್‌ನಲ್ಲಿ ನೂರೆಂಬತ್ತು. ಎರಡಕ್ಕೂ ಬೇಕಾದದ್ದು ಇಬ್ಬಿಬ್ಬರು ಪೈಲಟ್‌ಗಳೇ. ಇಬ್ಬರನ್ನು ಕೂರಿಸಿ ಎಪ್ಪತ್ತು ಟಿಕೆಟ್ ಮಾರುವುದು ಲಾಭವೋ ನೂರೆಂಬತ್ತು ಮಾರುವುದು ಲಾಭವೋ ಎಂದು ಬ್ಯಾಡಗಿ ಮಾರುಕಟ್ಟೆಯ ಯಾವ ದಲಾಲಿಯನ್ನು ಕೇಳಿದರೂ ಹೇಳುತ್ತಾರೆ. ಮೇಲಾಗಿ ಹುಬ್ಬಳ್ಳಿಗೆ ರೈಲಿದೆ, ರಾತ್ರಿ ಬಸ್ಸಿದೆ, ಪ್ರಯಾಣಿಕ ಹೇಗೋ ಊರು ಮುಟ್ಟುತ್ತಾನೆ ಎಂಬ ಧೈರ್ಯ. ಲಾಬಿಯಲ್ಲಿ ಜನ ಸಾಲದಾದಾಗ ನಾವು ಕಾಯಿಸುತ್ತಿದ್ದದ್ದು ಗೂಡ್ಸ್ ಗಾಡಿಯನ್ನು, ಮೇಲ್ ಗಾಡಿಯನ್ನಲ್ಲ. ವಿಮಾನದವರ ಲೆಕ್ಕದಲ್ಲಿ ನಾವು ಗೂಡ್ಸ್.

ಏರ್‌ಬಸ್‌ನಿಂದ ಇಬ್ಬರನ್ನು ಕರೆದು ಎಟಿಆರ್‌ನಲ್ಲಿ ಕೂರಿಸಬಾರದೇ ಎಂದು ನೀವು ಕೇಳಬಹುದು. ಆಗದು. ಕ್ಯಾಸಲ್‌ರಾಕ್ ಘಟ್ಟ ಇಳಿಸಿ ಅಭ್ಯಾಸವಿಲ್ಲದ ಚಾಲಕನಿಗೆ ಆ ಇಳಿಜಾರಿನಲ್ಲಿ ಗಾಡಿ ಕೊಡುವುದಿಲ್ಲ. ಅಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಇಳಿಜಾರು. ವಿಮಾನದಲ್ಲಿ ಕಟ್ಟುಪಾಡು ಇನ್ನೂ ಬಿಗಿ. ಪ್ರತಿ ಮಾದರಿಗೂ ಬೇರೆ ತರಬೇತಿ, ಬೇರೆ ಅನುಮತಿ ಬೇಕು. ಏರ್‌ಬಸ್ ಹಾರಿಸುವವರು ಬೆಳಗಾಗುವುದರೊಳಗೆ ಎಟಿಆರ್ ಹಾರಿಸುವಂತಿಲ್ಲ. ಇನ್ನು ಎಟಿಆರ್‌ನಲ್ಲಿ ಪಳಗಿದವರ ಕಣ್ಣು ದೊಡ್ಡ ವಿಮಾನದ ಮೇಲೆ, ಅಲ್ಲಿನ ಸಂಬಳದ ಮೇಲೆ. ಅದು ಸಹಜ. ಸಣ್ಣ ಊರುಗಳ ಸೇವೆ ಹೀಗೆ ಯಾವಾಗಲೂ ಕಲಿಯುವವರ ಪಾಠಶಾಲೆಯಾಗಿಯೇ ಉಳಿಯುತ್ತದೆ.

ಅಮೆರಿಕದಲ್ಲಿ ಇದು ಪರಾಕಾಷ್ಠೆಗೆ ಹೋಯಿತು. ಅಲ್ಲಿ ದೊಡ್ಡ ಕಂಪನಿಗಳ ಹೆಸರು ಬಳಿದುಕೊಂಡು ಸಣ್ಣ ಊರುಗಳಿಗೆ ಹಾರುವ ಪ್ರಾದೇಶಿಕ ಕಂಪನಿಗಳಿವೆ. 2009ರ ಫೆಬ್ರುವರಿಯಲ್ಲಿ ಬಫಲೊ ಪಟ್ಟಣದ ಬಳಿ ಅಂಥ ಒಂದು ವಿಮಾನ ಬಿದ್ದು 50 ಜನ ಸತ್ತರು. ಅದರ ಸಹ ಪೈಲಟ್ ದೇಶದ ಆ ಕೊನೆಯಿಂದ ಈ ಕೊನೆಗೆ ರಾತ್ರಿಯಿಡೀ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಅವರ ಅಲ್ಪ ಸಂಬಳದ ವಿಚಾರ ವಿಚಾರಣೆಯಲ್ಲಿ ಹೊರಬಿದ್ದಾಗ ಇಡೀ ದೇಶ ಬೆಚ್ಚಿತು. ಆಮೇಲೆ ಬಂದ ಕಾನೂನಿನಂತೆ 2013ರಿಂದ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು. ಕೋವಿಡ್ ಕಾಲದಲ್ಲಿ ದೊಡ್ಡ ಕಂಪನಿಗಳು ಹಿರಿಯರನ್ನು ಅವಧಿಗೆ ಮುನ್ನವೇ ನಿವೃತ್ತಿಗೊಳಿಸಿದವು. ಜನ ಮತ್ತೆ ಹಾರಲು ಶುರುಮಾಡಿದ ಮೇಲೆ ಖಾಲಿ ಜಾಗಕ್ಕೆ ಪ್ರಾದೇಶಿಕ ಕಂಪನಿಗಳ ಪೈಲಟ್‌ಗಳನ್ನೇ ಎಳೆದುಕೊಂಡವು. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಎಂಬ ಕಂಪನಿ ಪೈಲಟ್‌ಗಳಿಲ್ಲವೆಂದು 29 ಸಣ್ಣ ಊರುಗಳ ಸೇವೆ ಬಿಡುವುದಾಗಿ ಸರ್ಕಾರಕ್ಕೆ ಬರೆದುಕೊಟ್ಟಿತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಇಥಾಕಾ ಊರಿಗೆ ಹೋಗುವುದನ್ನು ಬಿಟ್ಟಿತು. ಕಾರ್ನೆಲ್ ವಿಶ್ವವಿದ್ಯಾಲಯವಿರುವ ಊರದು, ನಮ್ಮ ಧಾರವಾಡದ ಹಾಗೆ ಓದುಬರಹದ ಊರು. ಇನ್ನೊಂದು ಕಡೆ ಅದೇ ಕಂಪನಿ ವಿಮಾನದ ಟಿಕೆಟ್ ಮೇಲೆಯೇ ಬಸ್ ಓಡಿಸಿತು. ನಮ್ಮ ವಾಯವ್ಯ ಸಾರಿಗೆಯವರು ಕೇಳಿಸಿಕೊಂಡರೆ ಒಳ್ಳೆಯದು.

ನಮ್ಮಲ್ಲಿ ಕಥೆಗೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಲೈಸೆನ್ಸ್ ಇರುವವರಿಗೆ ಬರವಿಲ್ಲ, ಕ್ಯಾಪ್ಟನ್‌ಗಳಿಗೆ ಬರ. ವಾಣಿಜ್ಯ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಸಾಕು. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್‌ಗೆ 1,500 ಗಂಟೆ ಬೇಕು. ನಡುವಿನ 1,300 ಗಂಟೆಗಳನ್ನು ಯಾರಾದರೂ ಸಂಬಳ ಕೊಟ್ಟು ಹಾರಿಸಬೇಕು. ಧಾರವಾಡದಲ್ಲಿ ನಮ್ಮ ಪರಿಚಯದವರ ಮಗಳೊಬ್ಬಳು ಆ ಸಂದಿಯಲ್ಲೇ ನಿಂತಿದ್ದಾಳೆ. ಅಪ್ಪ ನವಲಗುಂದದ ಕಡೆಯ ಎರೆಹೊಲವನ್ನು ಬ್ಯಾಂಕಿಗೆ ಒತ್ತೆಯಿಟ್ಟು ಓದಿಸಿದ್ದಾರೆ. ಈ ತರಬೇತಿಗೆ ಅರ್ಧ ಕೋಟಿ ರೂಪಾಯಿ ಸಾಲುವುದಿಲ್ಲ. ಅವಳ ಲಾಗ್‌ಬುಕ್ ನೋಡಿದೆ. ದಪ್ಪ ರಟ್ಟಿನ ಉದ್ದನೆಯ ಪುಸ್ತಕ, ಪ್ರತಿ ಹಾರಾಟಕ್ಕೂ ಒಂದು ಸಾಲು, ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ಇಂಕಿನಿಂದ ತಿದ್ದಿದ ಮೊತ್ತ. ಕೊನೆಯ ಸಾಲಿನ ನಂತರ ಪುಟಗಳು ಖಾಲಿ. ವೈದ್ಯಕೀಯ ಪರೀಕ್ಷೆಗೆ ಮಾತ್ರ ಪ್ರತಿ ವರ್ಷ ಹಣ ಕಟ್ಟಬೇಕು. "ಕಾಕಾ, ಪೈಲಟ್ ಇಲ್ಲ ಅಂತ ವಿಮಾನ ರದ್ದು ಮಾಡುತ್ತಾರೆ, ಅರ್ಜಿ ಹಾಕಿದರೆ ಅನುಭವ ಇಲ್ಲ ಎನ್ನುತ್ತಾರೆ," ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಕಂಪನಿಗಳ ಬಳಿಯೂ ಒಳ್ಳೆಯ ಉತ್ತರವಿಲ್ಲ. ತಾವು ತಯಾರು ಮಾಡುವುದಕ್ಕಿಂತ ಪಕ್ಕದವರು ತಯಾರು ಮಾಡಿದ್ದನ್ನು ಎತ್ತಿಕೊಳ್ಳುವುದು ಅಗ್ಗ. 2023ರಲ್ಲಿ ಆಕಾಸ ಏರ್‌ನ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟುಹೋದಾಗ ಆ ಕಂಪನಿ ವಿಮಾನಗಳನ್ನು ರದ್ದು ಮಾಡಿ ಕೋರ್ಟಿಗೆ ಹೋಗಬೇಕಾಯಿತು.

ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ಈಗ ಹಾರಾಟದ ತರಬೇತಿ ಶಾಲೆಗಳಿವೆ, ಒಳ್ಳೆಯದೇ. ಆದರೆ ಶಾಲೆ ಹೆಚ್ಚಿಸಿ ಕೆಲಸದ ಬಾಗಿಲು ಹಾಗೆಯೇ ಬಿಟ್ಟರೆ ಒತ್ತೆಯಿಟ್ಟ ಹೊಲಗಳಷ್ಟೇ ಹೆಚ್ಚುತ್ತವೆ.

ಹುಬ್ಬಳ್ಳಿಯ ಮಟ್ಟಿಗೆ ನಾವು ಕೇಳಬೇಕಾದದ್ದು ಬೇರೆ. 2003ರಲ್ಲಿ ಏರ್ ಡೆಕ್ಕನ್‌ನ ಸಣ್ಣ ಎಟಿಆರ್ ಬಂದಾಗ ಗೋಕುಲ ರಸ್ತೆಯಲ್ಲಿ ಜನ ಬೇಲಿಗೆ ಆತು ನೋಡುತ್ತಿದ್ದರು. 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು, ರನ್‌ವೇ ಉದ್ದವಾಯಿತು. ಅಂದಿನಿಂದ ನಮ್ಮ ಜನಪ್ರತಿನಿಧಿಗಳ ಭಾಷಣವೆಲ್ಲ ಕಟ್ಟಡದ ಚದರಡಿಯ ಮೇಲೆ, ಹೊಸ ಊರುಗಳ ಹೆಸರಿನ ಮೇಲೆ. ರಾತ್ರಿ ಇಲ್ಲಿಯೇ ತಂಗುವ ವಿಮಾನ ಎಷ್ಟು, ಇಲ್ಲಿಯೇ ಮನೆ ಮಾಡಿಕೊಂಡಿರುವ ಪೈಲಟ್‌ಗಳು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಸಿಬ್ಬಂದಿ ಬೆಂಗಳೂರಿನಿಂದಲೇ ಬರಬೇಕಾದ ಊರಿನ ವಿಮಾನಕ್ಕೆ ಅಲ್ಲಿ ಬೆಳಿಗ್ಗೆ ಆದ ಎಡವಟ್ಟು ಸಂಜೆಗೆ ತಪ್ಪದೆ ತಗಲುತ್ತದೆ. ಹೊಸ ಮಾರ್ಗಕ್ಕೆ ಸಹಾಯಧನ ಕೊಡುವಾಗ ಸರ್ಕಾರ ಮೀಸಲು ಪೈಲಟ್‌ಗಳ ಪಟ್ಟಿಯನ್ನೂ ಕೇಳಲಿ. ಪಟ್ಟಿ ಇಲ್ಲದವರಿಗೆ ಮಾರ್ಗ ಬೇಡ. ಇದು ನನ್ನ ಅಭಿಪ್ರಾಯ, ಕಟುವೆನಿಸಿದರೂ ಬದಲಿಸುವುದಿಲ್ಲ.

ಕೊನೆಯದಾಗಿ ಟಿಕೆಟ್ ಕೊಂಡವರಿಗೆ ಒಂದು ಮಾತು. ಮುಂಚಿತವಾಗಿ ಸರಿಯಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ ಹಣ ವಾಪಸ್ ಅಥವಾ ಬದಲಿ ವಿಮಾನ ಕೊಡಬೇಕು, ಅದರ ಮೇಲೆ ಪರಿಹಾರವನ್ನೂ ಕೊಡಬೇಕು. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಮೀರಿದರೆ 10,000 ರೂಪಾಯಿ ಮಿತಿ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆಯಾದರೆ ಅಷ್ಟೇ ಸಿಗುತ್ತದೆ. ಪ್ರವಾಹ, ಗಲಭೆ, ಕೆಟ್ಟ ಹವಾಮಾನದಂಥ ಕೈಮೀರಿದ ಕಾರಣಗಳಿದ್ದರೆ ಪರಿಹಾರವಿಲ್ಲ. ಪೈಲಟ್‌ಗಳು ಸಾಲದಾಗುವುದು ಆ ಸಾಲಿಗೆ ಸೇರುವುದಿಲ್ಲ. ಆದ್ದರಿಂದ ಕೌಂಟರ್‌ನಲ್ಲಿ ಕೂಗಾಡುವ ಮೊದಲು ರದ್ದಾದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೌಂಟರ್‌ನ ಹುಡುಗಿ ವಿಮಾನ ರದ್ದು ಮಾಡಿದವಳಲ್ಲ, ಅವಳ ಮೇಲೆ ರೇಗಬೇಡಿ. ಕಾಗದ ಕೈಗೆ ಬಂದ ಮೇಲೆ ಕಂಪನಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ಸರ್ಕಾರದ ಏರ್‌ಸೇವಾ ಜಾಲತಾಣವಿದೆ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಟಿಕೆಟ್, ಮೊಬೈಲ್‌ಗೆ ಬಂದ ಸಂದೇಶ, ಬದಲಿ ಬಸ್ಸಿಗೋ ಕಾರಿಗೋ ಕೊಟ್ಟ ಹಣದ ರಸೀದಿ, ಮೂರನ್ನೂ ಎಸೆಯದೆ ಇಟ್ಟುಕೊಳ್ಳಿ.

ನಮಸ್ಕಾರ.